ಹೊಲದ ಬದುವಿನ ಹೂವೂ ಕಾಣದ ಬೆಳಕೂ

ಇರುವ ವಸ್ತುವೂ ಕಣ್ಣಿಗೆ ಕಾಣದೆ ಹೋಗುವುದಕ್ಕೆ ಎಂಟು ಕಾರಣಗಳುಂಟೆಂದು ಈಶ್ವರಕೃಷ್ಣನು ತನ್ನ ಸಾಂಖ್ಯಕಾರಿಕೆಯಲ್ಲಿ ಎಣಿಸಿರುವನು. ವಸ್ತುವು ಬಹು ದೂರದಲ್ಲಿರಬಹುದು, ಕಣ್ಣಿಗೆ ಹಚ್ಚಿದ ಕಾಡಿಗೆಯಂತೆ ಬಹು ಹತ್ತಿರದಲ್ಲಿರಬಹುದು, ಇಂದ್ರಿಯವೇ ಕೆಟ್ಟಿರಬಹುದು, ಮನಸ್ಸು ಬೇರೆಡೆಗೆ ಹೋಗಿರಬಹುದು, ವಸ್ತುವು ಅತಿ ಸೂಕ್ಷ್ಮವಾಗಿರಬಹುದು, ನಡುವೆ ಗೋಡೆಯೋ ತೆರೆಯೋ ಅಡ್ಡವಾಗಿರಬಹುದು, ಹಗಲಿನಲ್ಲಿ ನಕ್ಷತ್ರಗಳು ಸೂರ್ಯನ ತೇಜಸ್ಸಿನಲ್ಲಿ ಮುಳುಗಿಹೋಗುವಂತೆ ಬಲವಾದುದೊಂದು ಅದನ್ನು ಅಡಗಿಸಿರಬಹುದು, ಕಡೆಯದಾಗಿ, ರಾಶಿಯಲ್ಲಿ ಬಿದ್ದ ಒಂದು ಕಾಳಿನಂತೆ ತನ್ನಂಥವುಗಳ ನಡುವೆ ಬೆರೆತುಹೋಗಿರಬಹುದು. ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆನ್ನಲಾಗದು ಎಂಬುದೇ ಆ ಕಾರಿಕೆಯ ತಾತ್ಪರ್ಯ.

ಈ ಎಂಟು ಕಾರಣಗಳನ್ನು ನಮಗೆ ಮತ್ತೆ ನೆನಪಿಗೆ ತಂದುದು ಅಫಜಲಪುರ ತಾಲೂಕಿನ ಗೃಹಸ್ಥರೊಬ್ಬರು ಬರೆದಿರುವ ಪತ್ರ. ಕಾಲೇಜಿನಲ್ಲಿ ಓದುವ ಅವರ ಮಗನು ಹೊಲದ ಬದುವಿನ ಹೂವುಗಳನ್ನು ಎರಡು ಬಗೆಯಾಗಿ, ಎಂದರೆ ನಮಗೆ ಕಾಣುವ ಬೆಳಕಿನಲ್ಲೊಮ್ಮೆ, ಕಾಣದ ನೇರಳಾತೀತ ಬೆಳಕಿನಲ್ಲೊಮ್ಮೆ, ಛಾಯಾಚಿತ್ರ ತೆಗೆಯಬೇಕೆಂದು ಹಟ ಹಿಡಿದಿರುವನಂತೆ. ಅದಕ್ಕಾಗಿ ಮನೆಯ ಕ್ಯಾಮರಾವನ್ನು ಬಿಚ್ಚಿಸಿ ಮಾರ್ಪಡಿಸಬೇಕೆಂದೂ ಬೆಲೆಯುಳ್ಳ ಗಾಜಿನ ಬಿಲ್ಲೆಯೊಂದನ್ನು ತರಿಸಬೇಕೆಂದೂ ಕೇಳುತ್ತಿರುವನಂತೆ. “ಕಾಣದ ಬೆಳಕಿನಲ್ಲಿ ಕಸದ ಹೂವಿನ ಚಿತ್ರ ತೆಗೆಯುವುದು ವಿದ್ಯೆಯೋ ದುಂದೋ ತಾವೇ ಹೇಳಬೇಕು, ಗುರುಗಳೇ” ಎಂದು ಅವರು ಕೇಳಿರುವರು.

ಇಂತಹ ಪ್ರಶ್ನೆಗೆ ಒಂದು ಸಾಲಿನಲ್ಲಿ ಉತ್ತರ ಕೊಡುವುದು ತಂದೆಗೂ ನ್ಯಾಯವಲ್ಲ, ಮಗನಿಗೂ ನ್ಯಾಯವಲ್ಲ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರು ತಾಲೂಕುಗಳಲ್ಲಿ ಹೊಲವುಳ್ಳ ಪ್ರತಿಯೊಂದು ಮನೆಗೂ ಈ ವಿಷಯವು ಸಂಬಂಧಿಸಿದುದಾದ್ದರಿಂದ ಇದನ್ನು ಬುಡದಿಂದಲೇ ವಿಚಾರಿಸೋಣ.

ಮೊದಲು ಆ ಬೆಳಕು ಯಾವುದೆಂಬುದನ್ನು ತಿಳಿಯಬೇಕು. ಸೂರ್ಯನ ಬಿಳಿಯ ಬೆಳಕನ್ನು ಪಟ್ಟಕದ ಗಾಜಿನಲ್ಲಿ ಹಾಯಿಸಿದರೆ ಕೆಂಪಿನಿಂದ ನೇರಳೆಯವರೆಗೆ ಬಣ್ಣಗಳ ಪಟ್ಟಿಯೊಂದು ಹರಡುವುದು. ಆ ಪಟ್ಟಿಯ ನೇರಳೆಯ ಅಂಚಿನಾಚೆ, ಕಣ್ಣಿಗೆ ಏನೂ ತೋರದ ಸ್ಥಳದಲ್ಲಿ, ಬೆಳ್ಳಿಯ ಕ್ಲೋರೈಡು ಎಂಬ ಲವಣವನ್ನಿಟ್ಟಾಗ ಅದು ಬೇಗನೆ ಕಪ್ಪಾಗುವುದನ್ನು ಜರ್ಮನಿಯ ಯೋಹಾನ್ ವಿಲ್ಹೆಲ್ಮ್ ರಿಟ್ಟರನು 1801ರಲ್ಲಿ ಕಂಡನು. ಅಲ್ಲಿ ಯಾವುದೋ ಕಿರಣವು ಬೀಳುತ್ತಿರಬೇಕೆಂದು ಅವನು ಊಹಿಸಿದುದು ಕೇವಲ ಅನುಮಾನಪ್ರಮಾಣದಿಂದ. ಹೊಗೆಯನ್ನು ಕಂಡು ಬೆಂಕಿಯನ್ನು ತಿಳಿಯುವಂತೆ. ನೇರಳೆಯನ್ನು ಮೀರಿದುದರಿಂದ ಅದಕ್ಕೆ ನೇರಳಾತೀತವೆಂದು ಹೆಸರಾಯಿತು. ಮನುಷ್ಯನ ಕಣ್ಣಿಗೆ ಕಾಣುವ ಬೆಳಕಿನ ಅಲೆಯುದ್ದವು ಸುಮಾರು 400ರಿಂದ 700 ನ್ಯಾನೋಮೀಟರುಗಳೊಳಗೆ ಇರುವುದು. 400ಕ್ಕಿಂತ ಕಿರಿದಾದ ಅಲೆಗಳೇ ನೇರಳಾತೀತ. ಅವುಗಳಲ್ಲಿ ಅತಿ ಕಿರಿದಾದವನ್ನು ಆಕಾಶದ ಓಜೋನ್ ಪದರವು ತಡೆದುಬಿಡುವುದು. ನೆಲಕ್ಕೆ ಬಂದು ಮುಟ್ಟುವುದು ಬಹುಪಾಲು 320ರಿಂದ 400ರವರೆಗಿನ ಭಾಗ. ಹೂವಿನ ಚಿತ್ರಕ್ಕೆ ಬೇಕಾದುದೂ ಅದೇ.

ನಮ್ಮ ಕಣ್ಣಿಗೆ ಅದೇತಕ್ಕೆ ಕಾಣದು? ಈಶ್ವರಕೃಷ್ಣನ ಪಟ್ಟಿಯಲ್ಲಿ ಹುಡುಕಿದರೆ ಇಲ್ಲಿಗೆ ಸಲ್ಲುವ ಕಾರಣವು ವ್ಯವಧಾನ, ಎಂದರೆ ಅಡ್ಡಬಂದ ತೆರೆ. ವಿಚಿತ್ರವೇನೆಂದರೆ ಆ ತೆರೆಯು ಹೊರಗಿಲ್ಲ. ನಮ್ಮ ಕಣ್ಣಿನೊಳಗಿನ ಮಸೂರವೇ ಆ ತೆರೆ. ಅದು ನೇರಳಾತೀತವನ್ನು ತಾನೇ ಹೀರಿಕೊಂಡು ಹಿಂದಿನ ಅಕ್ಷಿಪಟಕ್ಕೆ ಕೆಡುಕಾಗದಂತೆ ಕಾಯುವುದು. ಹಿಂದಿನ ಕಾಲದಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಲ್ಲಿ ಮಸೂರವನ್ನು ತೆಗೆದುಹಾಕಿ, ಅದರ ಬದಲು ಬೇರೊಂದನ್ನು ಇಡದೆ ಬಿಟ್ಟ ಕೆಲವರಿಗೆ, ಉಳಿದವರಿಗೆ ಕಾಣದ ಆ ಬೆಳಕು ಬಿಳಿನೇರಳೆಯಾಗಿ ತೋರಿದುದುಂಟು. ಕಣ್ಣನ್ನು ಕಾಯುವ ಪರದೆಯೇ ಲೋಕದ ಒಂದು ಪಾಲನ್ನು ಮರೆಮಾಡಿರುವುದೆಂದಾಯಿತು.

ಇನ್ನು ಹೂವಿನ ಕಥೆ. ಬರ್ಲಿನ್ ನಗರದ ಬಳಿಯ ಸ್ಪಾಂಡೌ ಎಂಬ ಊರಿನಲ್ಲಿ ಕ್ರಿಸ್ಟಿಯಾನ್ ಕೊನ್ರಾಡ್ ಸ್ಪ್ರೆಂಗೆಲ್ ಎಂಬ ಶಾಲೆಯ ಮುಖ್ಯೋಪಾಧ್ಯಾಯನಿದ್ದನು. ಹೂವಿನ ಎಸಳುಗಳ ಮೇಲಿರುವ ಗೆರೆಗಳೂ ಚುಕ್ಕೆಗಳೂ ಬರಿಯ ಅಲಂಕಾರವಲ್ಲ, ಅವು ಕೀಟಗಳಿಗೆ ಮಕರಂದದ ದಾರಿ ತೋರುವ ಗುರುತುಗಳು ಎಂದು ಅವನು ವರ್ಷಗಟ್ಟಲೆ ಹೊಲಗಾಡುಗಳಲ್ಲಿ ಅಲೆದು ಕಂಡುಕೊಂಡು 1793ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಮರುವರ್ಷವೇ ಅವನು ಶಾಲೆಯ ಉದ್ಯೋಗವನ್ನು ಬಿಡಬೇಕಾಗಿ ಬಂದಿತು. ಅವನು 1816ರಲ್ಲಿ ತೀರಿಕೊಳ್ಳುವವರೆಗೂ ಆ ಗ್ರಂಥವನ್ನು ಆದರಿಸಿದವರು ವಿರಳ. ಬಹುಕಾಲದ ಮೇಲೆ ಡಾರ್ವಿನ್ ಮಹಾಶಯನು ಅದನ್ನು ಓದಿ ಮೆಚ್ಚಿದ ತರುವಾಯ ಲೋಕಕ್ಕೆ ಅದರ ಬೆಲೆ ತಿಳಿಯಿತು. ಆ ದಾರಿಗುರುತುಗಳನ್ನು ನಾವು ಮಧುಸೂಚಕಗಳೆಂದು ಕರೆಯೋಣ.

ಸ್ಪ್ರೆಂಗೆಲನು ಕಂಡುದು ಕಣ್ಣಿಗೆ ಕಾಣುವ ಗುರುತುಗಳನ್ನು ಮಾತ್ರ. ಕಾಣದ ಗುರುತುಗಳೂ ಇರುವುವೆಂಬುದು ಹೊರಬೀಳಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1882ರ ತನ್ನ ಗ್ರಂಥದಲ್ಲಿ ಇಂಗ್ಲೆಂಡಿನ ಜಾನ್ ಲಬಕ್ ಎಂಬವನು ಇರುವೆಗಳಿಗೆ ನೇರಳಾತೀತದ ಅರಿವುಂಟೆಂದು ಬರೆದನು. ಜೇನುನೊಣಕ್ಕೆ ಬಣ್ಣವೇ ತಿಳಿಯದೆಂದು ಒಬ್ಬ ದೊಡ್ಡ ವಿದ್ವಾಂಸನು ವಾದಿಸುತ್ತಿದ್ದಾಗ, ಕಾರ್ಲ್ ಫಾನ್ ಫ್ರಿಷ್ ಎಂಬ ತರುಣನು ಬೂದುಬಣ್ಣದ ಹಲವು ಕಾಗದಗಳ ನಡುವೆ ಒಂದು ನೀಲಿ ಕಾಗದವನ್ನಿಟ್ಟು, ಅದರ ಮೇಲೆ ಸಕ್ಕರೆನೀರಿನ ಬಟ್ಟಲನ್ನಿಟ್ಟು ನೊಣಗಳಿಗೆ ಪಾಠ ಹೇಳಿದನು. ಆಮೇಲೆ ಸಕ್ಕರೆಯನ್ನು ತೆಗೆದರೂ ನೊಣಗಳು ನೀಲಿಯನ್ನೇ ಹುಡುಕಿ ಬಂದುವು. 1914ರಲ್ಲಿ ಪ್ರಕಟವಾದ ಈ ಪರೀಕ್ಷೆಗೆ ಬೇಕಾದ ಸಾಮಗ್ರಿಯು ಯಾವ ಹಳ್ಳಿಯ ಶಾಲೆಯಲ್ಲಿಯೂ ಸಿಕ್ಕುವಂಥದು ಎಂಬುದನ್ನು ವಾಚಕರು ಗಮನಿಸಬೇಕು. ಅದೇ ಫ್ರಿಷ್‌ಗೆ 1973ರಲ್ಲಿ, ಜೇನಿನ ಕುರಿತ ಜೀವಮಾನದ ದುಡಿಮೆಗಾಗಿ, ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕವು ದೊರೆಯಿತು. ನೊಣಕ್ಕೆ ನೇರಳಾತೀತವು ಒಂದು ಬೇರೆಯ ಬಣ್ಣವಾಗಿಯೇ ಕಾಣುವುದೆಂಬುದು 1920ರ ದಶಕದಲ್ಲಿ ಆಲ್ಫ್ರೆಡ್ ಕ್ಯೂನನ ಪರೀಕ್ಷೆಗಳಿಂದ ಸ್ಥಿರವಾಯಿತು. 1958ರಲ್ಲಿ ಕಾರ್ಲ್ ಡೌಮರನು ಹೂವುಗಳ ಬಣ್ಣವು ನೊಣಕ್ಕೆ ಹೇಗಿರುವುದೆಂಬುದನ್ನು ವಿಸ್ತಾರವಾಗಿ ವಿವರಿಸಿದನು.

ಮನುಷ್ಯನ ಕಣ್ಣಿನಲ್ಲಿ ಬಣ್ಣವನ್ನು ಅರಿಯುವ ಬೀಜಕಣಗಳು ಮೂರು ಬಗೆ: ನೀಲಿಗೊಂದು, ಹಸಿರಿಗೊಂದು, ಕೆಂಪಿನ ಕಡೆಗೊಂದು. ಜೇನುನೊಣಕ್ಕೂ ಮೂರೇ, ಆದರೆ ಅವು ಸುಮಾರು 344, 436, 544 ನ್ಯಾನೋಮೀಟರುಗಳಲ್ಲಿ ಚುರುಕಾಗಿರುವುವು. ಎಂದರೆ ನೇರಳಾತೀತಕ್ಕೊಂದು, ನೀಲಿಗೊಂದು, ಹಸಿರಿಗೊಂದು. ನಮಗಿರುವ ಕೆಂಪು ಅದಕ್ಕಿಲ್ಲ. ಅದಕ್ಕಿರುವ ನೇರಳಾತೀತವು ನಮಗಿಲ್ಲ. ಮಾಘ ಫಾಲ್ಗುಣಗಳಲ್ಲಿ ಎಲೆಯುದುರಿಸಿ ಕೆಂಡದಂತೆ ಹೂಬಿಡುವ ಮುತ್ತುಗವು ಹಕ್ಕಿಗಳನ್ನು ಮುಖ್ಯವಾಗಿ ಕರೆಯುವ ಹೂವು; ಹಕ್ಕಿಗಳಿಗೆ ಕೆಂಪು ಚೆನ್ನಾಗಿ ಕಾಣುವುದು. ಒಂದೇ ಬದುವಿನಲ್ಲಿ ಬೇರೆ ಬೇರೆ ಅತಿಥಿಗಳಿಗೆ ಬೇರೆ ಬೇರೆ ಲಿಪಿಯಲ್ಲಿ ಬರೆದ ಆಮಂತ್ರಣಪತ್ರಗಳಿರುವುವೆಂದು ತಿಳಿಯಬೇಕು. ಅವುಗಳಲ್ಲಿ ಒಂದು ಲಿಪಿಯನ್ನು ಓದಲು ನಮಗೆ ಉಪಕರಣವು ಬೇಕು.

ಆ ಉಪಕರಣದಿಂದ ತೆಗೆದ ಚಿತ್ರಗಳಲ್ಲಿ ಕಾಣುವುದೇನು? ಸೂರ್ಯಕಾಂತಿಯನ್ನು, ನಮ್ಮ ಸೀಮೆಯಲ್ಲಿ ಸೂರ್ಯಪಾನವೆನ್ನುವ ಹೂವನ್ನು, ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ ಅದರ ಎಸಳು ಬುಡದಿಂದ ತುದಿಯವರೆಗೂ ಒಂದೇ ಹಳದಿ. ನೇರಳಾತೀತದಲ್ಲಿಯಾದರೋ ಎಸಳಿನ ತುದಿಯು ಬೆಳ್ಳಗೆ ಹೊಳೆಯುವುದು, ಬುಡವು ಮಸಿಯಂತೆ ಕಪ್ಪಾಗಿರುವುದು. ಇಡೀ ಹೂವು ಗುರಿಹಲಗೆಯಂತೆ ಕಪ್ಪುನಡುವಿನ ಬಿಳಿಯ ಬಳೆಯಾಗಿ ತೋರುವುದು. ಅದೇ ಮನೆತನದ ರಡ್ಬೆಕಿಯಾ ಎಂಬ ಹೂವಿನಲ್ಲಿ ಈ ಕಪ್ಪಿಗೆ ಕಾರಣವೇನೆಂಬುದನ್ನು ಅಮೆರಿಕದ ವಿದ್ವಾಂಸರು 1972ರಲ್ಲಿ ಬಿಡಿಸಿದರು. ಹಳದಿಯನ್ನು ಕೊಡುವ ಕ್ಯಾರೊಟಿನಾಯ್ಡು ದ್ರವ್ಯವು ಎಸಳಿನಲ್ಲೆಲ್ಲ ಇದ್ದು ನೇರಳಾತೀತವನ್ನು ಹಿಂದಕ್ಕೆ ಚಿಮ್ಮಿಸುವುದು; ಬುಡದಲ್ಲಿ ಮಾತ್ರ ಫ್ಲೇವನಾಲ್ ಎಂಬ ಇನ್ನೊಂದು ದ್ರವ್ಯವು ಸೇರಿ ಅದನ್ನು ಹೀರಿಬಿಡುವುದು. ನಮಗೆ ಬೆಳ್ಳಗೆ ತೋರುವ ಹೂವುಗಳಲ್ಲಿ ಹೆಚ್ಚಿನವು ನೇರಳಾತೀತವನ್ನು ಹೀರುವುವಾದ್ದರಿಂದ ಆ ಚಿತ್ರದಲ್ಲಿ ಕಪ್ಪಾಗಿ ಬರುವುವು. ನಮ್ಮ ಬಿಳುಪು ನೊಣಕ್ಕೆ ಬಿಳುಪಲ್ಲ.

ಇನ್ನು ಕ್ಯಾಮರಾದ ವಿಚಾರ. ಅದರ ಹೊಟ್ಟೆಯಲ್ಲಿರುವ ಸಿಲಿಕಾನಿನ ಬಿಲ್ಲೆಗೆ ನೇರಳಾತೀತವನ್ನು ಅರಿಯುವ ಶಕ್ತಿಯು ಸ್ವಲ್ಪಮಟ್ಟಿಗೆ ಹುಟ್ಟಿನಿಂದಲೇ ಉಂಟು. ಕೆಂಪಿನಾಚೆಯ ಅವಕೆಂಪನ್ನು ಅರಿಯುವ ಶಕ್ತಿಯು ಇನ್ನೂ ಹೆಚ್ಚು. ನಮ್ಮ ಕಣ್ಣಿಗೆ ಕಾಣುವಂತೆಯೇ ಚಿತ್ರವು ಬರಲೆಂದು ತಯಾರಕರು ಬಿಲ್ಲೆಯ ಮುಂದೆ ಇವೆರಡನ್ನೂ ತಡೆಯುವ ಶೋಧಕವನ್ನು ಅಂಟಿಸಿರುವರು. ಇಲ್ಲಿಯೂ ವ್ಯವಧಾನವೇ. ತಿಳಿದ ಕೆಲಸಗಾರನು ಅದನ್ನು ತೆಗೆದು ಸ್ಫಟಿಕಶಿಲೆಯ ತೆಳುಹಲಗೆಯನ್ನು ಕೂರಿಸಿಕೊಡುವನು. ಹಾಗೆ ಮಾಡಿಸಿದ ಮೇಲೆ ತಯಾರಕರ ಹೊಣೆಪತ್ರವು ಸಲ್ಲದು. ಇದನ್ನು ಮನೆಯಲ್ಲಿ ಬಿಚ್ಚಿ ಮಾಡುವ ಸಾಹಸವು ಸಲ್ಲದು. ಮಿಂಚುದೀಪವುಳ್ಳ ಕ್ಯಾಮರಾದೊಳಗೆ ಶೇಖರವಾದ ವಿದ್ಯುತ್ತು ಕೈಗೆ ತಗುಲಿದರೆ ಬಲವಾಗಿ ಹೊಡೆಯುವುದು.

ಎರಡನೆಯ ತೆರೆಯು ಮುಂದಿನ ಮಸೂರ. ಈಗಿನ ಮಸೂರಗಳಲ್ಲಿ ಹತ್ತು ಹದಿನೈದು ಗಾಜುಗಳನ್ನು ಪೋಣಿಸಿ, ಮೇಲೆ ಲೇಪಗಳನ್ನು ಬಳಿದಿರುವರು. ಇವು ನೇರಳಾತೀತವನ್ನು ಬಹಳವಾಗಿ ನುಂಗುವುವು. ಸ್ಫಟಿಕಶಿಲೆ ಮತ್ತು ಫ್ಲೋರೈಟಿನಿಂದ ಮಾಡಿದ ನಿಕಾನ್ ಸಂಸ್ಥೆಯ 105 ಮಿಲಿಮೀಟರಿನ ಯುವಿ-ನಿಕ್ಕೋರಿನಂತಹ ಮಸೂರಗಳು ಇದಕ್ಕೆಂದೇ ಆದುವು, ಆದರೆ ಸಾಮಾನ್ಯ ಗೃಹಸ್ಥರ ಕೈಗೆ ಎಟಕುವಂಥವಲ್ಲ. ಅಷ್ಟರಿಂದ ನಿರಾಶೆ ಬೇಡ. ಹಿಂದೆ ಕತ್ತಲೆಕೋಣೆಯಲ್ಲಿ ಚಿತ್ರಗಳನ್ನು ದೊಡ್ಡದು ಮಾಡಲು ಬಳಸುತ್ತಿದ್ದ ಹಳೆಯ ಮಸೂರಗಳಲ್ಲಿ ಗಾಜು ಕಡಿಮೆ, ಲೇಪವೂ ತೆಳುವು. ಅಂಥವುಗಳಲ್ಲಿ ಕೆಲವು ಹತ್ತಿರದ ನೇರಳಾತೀತವನ್ನು ಚೆನ್ನಾಗಿಯೇ ಬಿಡುವುವು. ಬಾಗಿಲು ಮುಚ್ಚಿದ ಹಳೆಯ ಛಾಯಾಚಿತ್ರಶಾಲೆಗಳ ಅಟ್ಟದ ಮೇಲೆ ಇಂತಹ ಮಸೂರಗಳು ಧೂಳು ಹಿಡಿದು ಬಿದ್ದಿರುವುದುಂಟು.

ತೆರೆಯನ್ನು ತೆಗೆದರೆ ಸಾಲದು. ಮುಂದಿನ ವಿಘ್ನವು ಅಭಿಭವ. ಬಿಸಿಲಿನಲ್ಲಿ ನೇರಳಾತೀತವು ಅಲ್ಪ, ಕಾಣುವ ಬೆಳಕೂ ಅವಕೆಂಪೂ ಅಪಾರ. ಹಗಲಿನ ನಕ್ಷತ್ರದಂತೆ ಅಲ್ಪವಾದುದು ಮುಳುಗಿಹೋಗುವುದು. ಆದುದರಿಂದ ನೇರಳಾತೀತವನ್ನು ಮಾತ್ರ ಬಿಟ್ಟು ಉಳಿದುದೆಲ್ಲವನ್ನೂ ತಡೆಯುವ ಶೋಧಕವನ್ನು ಮಸೂರಕ್ಕೆ ತೊಡಿಸಬೇಕು. ಆ ತರುಣನು ಬೇಡುತ್ತಿರುವ ಗಾಜಿನ ಬಿಲ್ಲೆಯು ಇದೇ ಇರಬೇಕು. ಶುಕ್ರಗ್ರಹದ ಮೋಡಗಳ ವಿನ್ಯಾಸವು ನೇರಳಾತೀತದಲ್ಲಿ ಮಾತ್ರ ಸ್ಪಷ್ಟವಾಗಿ ತೋರುವುದರಿಂದ ಜ್ಯೋತಿರ್ವಿಜ್ಞಾನಿಗಳಿಗೆಂದು ತಯಾರಾದ ಶೋಧಕವನ್ನೇ ಹೂವಿನವರೂ ಬಳಸುವುದುಂಟು.

ಕಡೆಯ ವಿಘ್ನವು ಸಮಾನಾಭಿಹಾರ, ತನ್ನಂಥದರೊಡನೆ ಬೆರೆಯುವುದು. ಅಗ್ಗದ ಶೋಧಕಗಳು ನೇರಳಾತೀತದೊಡನೆ ಅವಕೆಂಪನ್ನೂ ಒಳಗೆ ಬಿಟ್ಟುಬಿಡುವುವು. ಎರಡೂ ಕಾಣದ ಬೆಳಕೇ. ಕಪ್ಪುಬಿಳುಪಿನ ಚಿತ್ರವನ್ನು ನೋಡಿದಾಗ ಯಾವುದು ಯಾವುದೆಂದು ತಿಳಿಯದೆ ಅನೇಕರು ಮೋಸಹೋಗುವರು. ಇದನ್ನು ಪತ್ತೆಹಚ್ಚಲು ಸುಲಭವಾದ ಉಪಾಯವೊಂದುಂಟು. ಹಸಿರೆಲೆಯು ನೇರಳಾತೀತವನ್ನು ಹೀರುವುದು, ಅವಕೆಂಪನ್ನು ಚಿಮ್ಮಿಸುವುದು. ಆದುದರಿಂದ ಹೂವಿನ ಸುತ್ತಲಿನ ಎಲೆಗಳು ಚಿತ್ರದಲ್ಲಿ ಕಪ್ಪಾಗಿ ಬಂದರೆ ಅದು ನಿಜವಾದ ನೇರಳಾತೀತ. ಎಲೆಗಳು ಹಿಮದಂತೆ ಬೆಳ್ಳಗೆ ಬಂದರೆ ಅವಕೆಂಪು ನುಸುಳಿರುವುದೆಂದು ತಿಳಿಯತಕ್ಕದ್ದು.

ಚಿತ್ರ ತೆಗೆಯುವ ಕ್ರಮವು ಹೀಗೆ. ಗಾಳಿಯಿಲ್ಲದ ಬೆಳಗಿನ ಹೊತ್ತು, ಬಿಸಿಲೇರಿದೊಡನೆ, ಮುಕ್ಕಾಲಿಯ ಮೇಲೆ ಕ್ಯಾಮರಾವನ್ನು ಭದ್ರವಾಗಿ ನಿಲ್ಲಿಸಬೇಕು. ಹೂವಿನ ತೊಟ್ಟು ಅಲುಗದಂತೆ ಪಕ್ಕದಲ್ಲಿ ಕಡ್ಡಿಯೊಂದನ್ನು ನೆಟ್ಟು ಮೆಲ್ಲನೆ ಆನಿಸಬೇಕು. ಕಾಣುವ ಬೆಳಕಿನ ಶೋಧಕವಿಟ್ಟು ಮೊದಲನೆಯ ಚಿತ್ರ. ಏನನ್ನೂ ಕದಲಿಸದೆ ನೇರಳಾತೀತದ ಶೋಧಕವಿಟ್ಟು ಎರಡನೆಯ ಚಿತ್ರ. ಮೊದಲನೆಯದಕ್ಕೆ ಸೆಕೆಂಡಿನ ನೂರನೆಯ ಒಂದು ಪಾಲು ಸಾಕಾದರೆ ಎರಡನೆಯದಕ್ಕೆ ಕೆಲವು ಸೆಕೆಂಡುಗಳೇ ಬೇಕಾದಾವು. ಬೆಳಕಿನ ಬಗೆ ಬದಲಾದಾಗ ಮಸೂರದ ನಾಭಿಯೂ ಕೊಂಚ ಸರಿಯುವುದಾದ್ದರಿಂದ ಅದನ್ನು ಮರಳಿ ಹೊಂದಿಸಬೇಕು. ಹೋಲಿಕೆಗೆಂದು ನಲ್ಲಿಯ ತಿರುಪಿಗೆ ಸುತ್ತುವ ಟೆಫ್ಲಾನಿನ ಬಿಳಿಪಟ್ಟಿಯ ತುಂಡೊಂದನ್ನು ಹೂವಿನ ಪಕ್ಕದಲ್ಲಿಡಬೇಕು. ಅದು ನೇರಳಾತೀತದಲ್ಲಿಯೂ ಬಿಳಿಯಾಗಿಯೇ ಉಳಿಯುವುದು. ಬಿಳಿಯ ಕಾಗದವನ್ನು ಇಡಬಾರದು. ಹೊಳಪಿಗಾಗಿ ಸೇರಿಸಿದ ರಾಸಾಯನಿಕದಿಂದ ಅದು ಕಪ್ಪಾಗಿ ಬರುವುದು.

ಎರಡನೆಯ ಚಿತ್ರವನ್ನು ಓದುವಾಗ ಎಚ್ಚರವು ಬೇಕು. ಕೆಲವರು ಅದಕ್ಕೆ ನೀಲಿ, ಹಳದಿ, ಗುಲಾಬಿ ಬಣ್ಣಗಳನ್ನು ತುಂಬಿ “ನೊಣಕ್ಕೆ ಹೂವು ಹೀಗೆಯೇ ಕಾಣುವುದು” ಎನ್ನುವರು. ನೇರಳಾತೀತಕ್ಕೆ ನಮ್ಮ ಮನಸ್ಸಿನಲ್ಲಿ ಬಣ್ಣವೇ ಇಲ್ಲ. ಇಟ್ಟ ಬಣ್ಣವು ಇಟ್ಟವನದು. ಅದಲ್ಲದೆ ನೊಣದ ಕಣ್ಣಿನ ನೋಟವು ನಮ್ಮದಕ್ಕಿಂತ ಎಷ್ಟೋ ಪಾಲು ಮಸುಕು. ನಾವು ಚಿತ್ರದಲ್ಲಿ ಕಾಣುವ ನವಿರಾದ ಗೆರೆಯು ನೊಣಕ್ಕೆ ತೀರ ಸಮೀಪಕ್ಕೆ ಬಂದಾಗ ಮಾತ್ರ ತೋರೀತು. ಆ ಚಿತ್ರವು ನೊಣದ ಪ್ರತ್ಯಕ್ಷವಲ್ಲ. ನೊಣದ ಪ್ರತ್ಯಕ್ಷವನ್ನು ನಾವು ಊಹಿಸಲು ಬೇಕಾದ ಹೇತು. ಹೇತುವನ್ನೇ ಸಾಧ್ಯವೆಂದು ಸಾರಬಾರದು.

ಇನ್ನೊಂದು ಗೊಂದಲವನ್ನೂ ಇಲ್ಲಿಯೇ ಪರಿಹರಿಸಬೇಕು. ಈಗ ಅಂಗಡಿಗಳಲ್ಲಿ ನೇರಳಾತೀತದ ಕೈದೀಪಗಳು ಸಿಕ್ಕುವುವು. ರಾತ್ರಿಯಲ್ಲಿ ಅದನ್ನು ಹೂವಿನ ಮೇಲೆ ಬಿಟ್ಟರೆ ಕೇಸರವೋ ಪರಾಗವೋ ಬಣ್ಣಬಣ್ಣವಾಗಿ ಮಿನುಗುವುದು. ಅದು ಬೇರೆಯ ವಿದ್ಯಮಾನ. ವಸ್ತುವು ನೇರಳಾತೀತವನ್ನು ನುಂಗಿ ಕಾಣುವ ಬೆಳಕನ್ನು ಉಗುಳುವುದಕ್ಕೆ ಪ್ರತಿದೀಪ್ತಿಯೆಂದು ಹೆಸರು. ಅಡಿಗೆಮನೆಯ ಅರಿಸಿನವನ್ನು ಎಣ್ಣೆಯಲ್ಲಿ ಕದಡಿದರೆ ಆ ದೀಪದಲ್ಲಿ ಹಸಿರುಹಳದಿಯಾಗಿ ಬೆಳಗುವುದು. ಸಾಬೂನುಪುಡಿಯಲ್ಲಿ ಒಗೆದ ಬಿಳಿಯ ಪಂಚೆಯು ನೀಲಿಯಾಗಿ ಬೆಳಗುವುದು. ಕೀಟಗಳನ್ನು ಹಿಡಿಯುವ ಹೂಜಿಗಿಡದ ಬಾಯಂಚು ಹೀಗೆಯೇ ನೀಲಿಯಾಗಿ ಬೆಳಗುವುದನ್ನು ಕೇರಳದ ಪಾಲೋಡಿನ ಸಸ್ಯೋದ್ಯಾನದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದರು. ಇದು ನೋಡತಕ್ಕ ಸೊಬಗೇ ಸರಿ. ಆದರೆ ಹಗಲಿನಲ್ಲಿ ಹೂವು ಚಿಮ್ಮಿಸುವ ನೇರಳಾತೀತದ ಚಿತ್ರವಲ್ಲ. ಆ ಕೈದೀಪವನ್ನು ಮಕ್ಕಳ ಕೈಗೆ ಕೊಡಬಾರದು, ಯಾರ ಕಣ್ಣಿಗೂ ಹಿಡಿಯಬಾರದು. ಕಾಣದ ಬೆಳಕಾದ್ದರಿಂದ ಕಣ್ಣು ತಾನಾಗಿ ಮುಚ್ಚಿಕೊಳ್ಳದು, ಅಪಾಯವಿರುವುದು ಅಲ್ಲಿಯೇ.

ನಮ್ಮ ಮೂರು ತಾಲೂಕುಗಳಲ್ಲಿ ಚಿತ್ರ ತೆಗೆಯತಕ್ಕ ಹೂವುಗಳಾವುವು? ಆಳಂದದ ಕಡೆಯ ಕಲ್ಲುದಿಣ್ಣೆಗಳಿಂದ ಹಿಡಿದು, ಅಮರಜೆಯು ಗಾಣಗಾಪುರದ ಬಳಿ ಭೀಮೆಯನ್ನು ಕೂಡುವ ಸಂಗಮದವರೆಗೂ, ಅಲ್ಲಿಂದ ಜೇವರ್ಗಿಯ ಎರೆಯ ಹೊಲಗಳವರೆಗೂ, ಮಳೆಗಾಲದ ಕೊನೆಯಲ್ಲಿ ಬದುಗಳು ಬರಿದಾಗಿರುವುದಿಲ್ಲ. ಹಳದಿಯ ತಂಗಡಿ, ಸಂಸ್ಕೃತದಲ್ಲಿ ಆವರ್ತಕಿ, ಒಂದು ವಿಚಿತ್ರವಾದ ಹೂವು. ಅದರಲ್ಲಿ ಮಕರಂದವಿಲ್ಲ, ಪರಾಗವೇ ಕಾಣಿಕೆ. ಆ ಪರಾಗವೂ ಕೇಸರದ ತುದಿಯ ಕಿರುರಂಧ್ರದಿಂದ ಹೊರಬೀಳಬೇಕು. ಮರ ಕೊರೆಯುವ ಕರಿಯ ದುಂಬಿಯು ಹೂವನ್ನು ಅಪ್ಪಿಹಿಡಿದು ಮೈನಡುಗಿಸಿ ಝೇಂಕರಿಸಿದಾಗ ಪರಾಗವು ಉದುರುವುದು. ಜೇನುನೊಣಕ್ಕೆ ಆ ವಿದ್ಯೆ ಬಾರದು. ನೆಲಕ್ಕೆ ಹಬ್ಬಿದ ನೆಗ್ಗಿಲು, ಮುಳ್ಳುಗಾಯಿಯಿಂದಾಗಿ ಗೋಕ್ಷುರವೆನಿಸಿದುದು, ಐದೆಸಳಿನ ಹಳದಿ ಹೂವನ್ನು ಬಿಡುವುದು. ದೊನ್ನೆಯಂತಹ ಬಿಳಿಹೂವಿನ ತುಂಬೆಯೇ ದ್ರೋಣಪುಷ್ಪಿ. ಹುಲ್ಲಿನ ನಡುವೆ ನೀಲಿಚುಕ್ಕೆಯಂತಿರುವುದು ವಿಷ್ಣುಕ್ರಾಂತಿ. ದಾರಿಯ ಬದಿಯ ಎಕ್ಕೆಯನ್ನು ಎಲ್ಲರೂ ಬಲ್ಲರು. ಅದರ ಹಾಲು ಕಣ್ಣಿಗೆ ಸಿಡಿದರೆ ಘೋರವಾದ ನೋವಾಗುವುದರಿಂದ ಅದನ್ನು ಮುರಿಯದೆಯೇ ಚಿತ್ರ ತೆಗೆಯಬೇಕು.

ಹಾಗೆಯೇ ನಾಡಿನದು ಯಾವುದು, ಹೊರಗಿನಿಂದ ಬಂದುದು ಯಾವುದು ಎಂಬ ವಿವೇಚನೆಯೂ ಇರಲಿ. ಹಳದಿ ದತ್ತೂರಿ, ಲಂಟಾನಾ, ಕಾಂಗ್ರೆಸ್ ಕಸ ಇವು ಮೂರೂ ಅಮೆರಿಕ ಖಂಡದ ಮೂಲದವು, ಸೂರ್ಯಪಾನವೂ ಅಲ್ಲಿಯದೇ. ಗುಲಬರ್ಗಾ ಜಿಲ್ಲೆಯ ಗಿಡಮರಗಳ ವಿವರವುಳ್ಳ ಸಸ್ಯಸಂಪತ್ತಿನ ಗ್ರಂಥವನ್ನು ಸೀತಾರಾಮ್, ಕೊಟ್ರೇಶ, ಉಪ್ಲಾಂವಕರ ಎಂಬ ವಿದ್ವಾಂಸರು ರಚಿಸಿ, ಅದು ಗುಲಬರ್ಗಾ ವಿಶ್ವವಿದ್ಯಾಲಯದಿಂದ 2000ದಲ್ಲಿ ಪ್ರಕಟವಾಗಿರುವುದು. ಚಿತ್ರ ತೆಗೆಯುವವನು ಮೊದಲು ಆ ಗ್ರಂಥದ ಸಹಾಯದಿಂದ ಗಿಡದ ಗುರುತನ್ನು ನಿಶ್ಚಯಿಸಿಕೊಳ್ಳಬೇಕು. ಹೆಸರು ತಿಳಿಯದ ಹೂವಿನ ಚಿತ್ರವು ವಿಳಾಸವಿಲ್ಲದ ಕಾಗದದಂತೆ.

ಇದರಿಂದ ಪ್ರಯೋಜನವೇನೆಂದು ಕೇಳುವವರಿಗೆ ಎರಡು ದೃಷ್ಟಾಂತಗಳನ್ನು ಕೊಡುವೆವು. ಅಮೆರಿಕದ ಸಂಶೋಧಕರು 1941ರಿಂದ 2017ರವರೆಗೆ ಕಾಗದದ ನಡುವೆ ಒಣಗಿಸಿಟ್ಟಿದ್ದ 42 ಜಾತಿಗಳ 1238 ಹೂವುಗಳನ್ನು ನೇರಳಾತೀತದ ಕ್ಯಾಮರಾದಿಂದ ಚಿತ್ರಿಸಿ 2020ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಓಜೋನ್ ಪದರವೂ ಉಷ್ಣತೆಯೂ ಬದಲಾದಂತೆ ಹೂವುಗಳ ಕಾಣದ ಬಣ್ಣವೂ ಬದಲಾಗಿರುವುದು. ಕೆಲವು ಜಾತಿಗಳಲ್ಲಿ ಹೆಚ್ಚಿರುವುದು, ಕೆಲವುಗಳಲ್ಲಿ ತಗ್ಗಿರುವುದು. ಯಾರೋ ಎಂದೋ ಒಣಗಿಸಿ, ತಾರೀಖು ಬರೆದಿಟ್ಟ ಹೂವು ಎಂಭತ್ತು ವರ್ಷಗಳ ಮೇಲೆ ಸಾಕ್ಷಿ ನುಡಿಯಿತು! ಎರಡನೆಯದು ಕಾಡು ಸೂರ್ಯಕಾಂತಿಯ ಕುರಿತು 2022ರಲ್ಲಿ ಪ್ರಕಟವಾದುದು: ಒಣಹವೆಯ ಪ್ರದೇಶದ ಗಿಡಗಳಲ್ಲಿ ಎಸಳಿನ ಬುಡದ ಕಾಣದ ಕಪ್ಪು ದೊಡ್ಡದಾಗಿರುವುದು, ಅಂತಹ ಎಸಳುಗಳು ತಮ್ಮ ನೀರನ್ನು ಹೆಚ್ಚಾಗಿ ಉಳಿಸಿಕೊಳ್ಳುವುವು. ಕಾಣದ ಆ ಬಣ್ಣವು ದುಂಬಿಗೆ ದಾರಿಯೂ ಹೌದು, ಗಿಡಕ್ಕೆ ಬಿಸಿಲಿನ ಕೊಡೆಯೂ ಹೌದು. ಬರಗಾಲವನ್ನು ಬಲ್ಲ ನಮ್ಮ ಸೀಮೆಯವರಿಗೆ ಇದು ದೂರದ ಮಾತಲ್ಲ.

ಹೂವಿನ ಬಣ್ಣವನ್ನು ವಿಚಾರಿಸುವುದು ಮಕ್ಕಳಾಟವೆಂದು ಯಾರೂ ತಿಳಿಯಬಾರದು. ಸರ್ ಸಿ. ವಿ. ರಾಮನ್ ಅವರು ನೊಬೆಲ್ ಪಾರಿತೋಷಕವನ್ನು ಪಡೆದು ಮೂವತ್ತು ವರ್ಷಗಳು ಕಳೆದ ಮೇಲೆ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ಕುಳಿತು ಹೂವುಗಳ ಬಣ್ಣವನ್ನೂ ಕಣ್ಣಿನ ಧರ್ಮವನ್ನೂ ಕುರಿತು ಶೋಧಿಸಿ 1963ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ಬೆಂಗಳೂರಿನಲ್ಲಿಯೇ ಭಾರತೀಯ ಖಭೌತ ಸಂಸ್ಥೆಯ ನೇತೃತ್ವದಲ್ಲಿ ಸಿದ್ಧವಾದ ನೇರಳಾತೀತದ ದೂರದರ್ಶಕವು 2015ರಲ್ಲಿ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಆಕಾಶಕ್ಕೇರಿತು. ನಮ್ಮ ನಾಡಿನವರು ನಕ್ಷತ್ರಗಳನ್ನು ಆ ಬೆಳಕಿನಲ್ಲಿ ನೋಡುತ್ತಿರುವಾಗ ಬದುವಿನ ತಂಗಡಿಯನ್ನು ನೋಡಲು ನಾಚುವುದೇಕೆ?

ಈಗ ಮುಖ್ಯವಾದ ಮಾತು. ನಮ್ಮ ಸೀಮೆಯು ತೊಗರಿಯ ಕಣಜ. ಇಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿರುವುದು. ತೊಗರಿಯು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಬೆಳೆಯಾದರೂ ಹೆಜ್ಜೇನೂ ಎಲೆ ಕತ್ತರಿಸುವ ದುಂಬಿಗಳೂ ಒಂದು ಗಿಡದ ಪರಾಗವನ್ನು ಇನ್ನೊಂದಕ್ಕೆ ಒಯ್ಯುವುವು. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯು ಸಿದ್ಧಪಡಿಸಿದ ಮಿಶ್ರತಳಿಯ ತೊಗರಿಯ ಬೀಜೋತ್ಪಾದನೆಯಂತೂ ಈ ದುಂಬಿಗಳಿಲ್ಲದೆ ನಡೆಯದು. ಸೂರ್ಯಪಾನದ ಕಾಳು ತುಂಬುವುದಕ್ಕೂ ಜೇನು ಬೇಕು. ತೊಗರಿ ಹೂಬಿಡುವುದು ಕೆಲವು ವಾರಗಳು ಮಾತ್ರ. ಉಳಿದ ತಿಂಗಳುಗಳಲ್ಲಿ ದುಂಬಿಯು ಏನನ್ನು ಉಣ್ಣಬೇಕು? ಬದುವಿನ ತುಂಬೆಯನ್ನು, ನೆಗ್ಗಿಲನ್ನು, ತಂಗಡಿಯನ್ನು. ಬದು ಹಸನಾಗಿರಲೆಂದು ಕಳೆನಾಶಕವನ್ನು ಹೊಡೆದು ಸುಟ್ಟುಬಿಡುವವನು ತನ್ನ ಹೊಲದ ಆಳುಗಳ ಬುತ್ತಿಗೇ ಮಣ್ಣು ಹಾಕುತ್ತಿರುವನು. ಹಗಲಿನಲ್ಲಿ ಹೂಗಾಲದ ಬೆಳೆಗೆ ಕೀಟನಾಶಕವನ್ನು ಸಿಂಪಡಿಸುವವನು ಆ ಆಳುಗಳನ್ನೇ ಕೊಲ್ಲುವನು. ಸಿಂಪಡಿಸಲೇಬೇಕಾದರೆ ದುಂಬಿಗಳು ಗೂಡಿಗೆ ಮರಳಿದ ಸಂಜೆಯ ಮೇಲೆ ಸಿಂಪಡಿಸತಕ್ಕದ್ದು.

ಇದನ್ನು ಬಾಯಿಮಾತಿನಿಂದ ನೂರು ಸಲ ಹೇಳಿದರೂ ನಂಬದ ರೈತನಿಗೆ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ತೋರಿಸಿದರೆ ಮನಸ್ಸು ತಿರುಗೀತು. “ಕಸವೆಂದು ಕಿತ್ತುಹಾಕುತ್ತಿದ್ದ ಹೂವಿನಲ್ಲಿ ನಮಗೆ ಕಾಣದಂತೆ ಇಷ್ಟೊಂದು ಬರೆದಿತ್ತೇ?” ಎಂದು ಅವನು ನಿಲ್ಲುವನು. ಎಂಟು ಕಾರಣಗಳಲ್ಲಿ ನಾವು ಮೇಲೆ ಬಿಟ್ಟಿದ್ದ ಒಂದುಂಟು: ಮನಸ್ಸು ಬೇರೆಡೆಗೆ ಹೋಗಿರುವುದು. ಬದುವಿನ ಹೂವು ನಮಗೆ ಕಾಣದಿರುವುದಕ್ಕೆ ಮಸೂರಕ್ಕಿಂತಲೂ ಅದೇ ದೊಡ್ಡ ಕಾರಣ. ಅದಕ್ಕೆ ಯಾವ ಶೋಧಕವೂ ಸಾಲದು.

ಪತ್ರ ಬರೆದ ಗೃಹಸ್ಥರಿಗೆ ನಮ್ಮ ಉತ್ತರವಿದು. ಇದು ವಿದ್ಯೆಯೇ, ದುಂದಲ್ಲ. ಆದರೆ ಮೆಟ್ಟಿಲು ಮೆಟ್ಟಿಲಾಗಿ ನಡೆಯಲಿ. ಮದುವೆಮುಂಜಿಗಳಿಗೆ ಬೇಕಾದ ಮನೆಯ ಕ್ಯಾಮರಾವನ್ನು ಬಿಚ್ಚಿಸುವುದು ಬೇಡ. ಮೊದಲು ಒಂದು ವರ್ಷ ಮಗನು ಅದರಿಂದಲೇ, ಕಾಣುವ ಬೆಳಕಿನಲ್ಲಿಯೇ, ತಮ್ಮ ಹೊಲದ ಬದುವಿನ ಹೂವುಗಳನ್ನೆಲ್ಲ ಅಳತೆಪಟ್ಟಿಯೊಡನೆ ಚಿತ್ರಿಸಲಿ. ಊರು, ತಾರೀಖು, ಹೊತ್ತು, ಬಂದ ದುಂಬಿ ಇವನ್ನು ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆಯಲಿ. ಹೇರಳವಾಗಿರುವ ಗಿಡಗಳಿಂದ ಒಂದೊಂದು ಹೂವನ್ನು ಕಾಗದದ ನಡುವೆ ಒಣಗಿಸಿಡಲಿ. ಅಜ್ಜಿಯನ್ನೂ ಕುರಿ ಕಾಯುವವರನ್ನೂ ಕೇಳಿ ಊರಿನ ಹೆಸರುಗಳನ್ನು ಬರೆದುಕೊಳ್ಳಲಿ. ಆ ಹೆಸರುಗಳು ಹೂವಿಗಿಂತ ಮೊದಲೇ ಮರೆಯಾಗುತ್ತಿರುವುವು. ಒಂದು ವರ್ಷ ಬಿಡದೆ ಹೀಗೆ ನಡೆಸಿದವನಿಗೆ ಕೈಬದಲಾದ ಹಳೆಯ ಕ್ಯಾಮರಾವೊಂದನ್ನು ಮಾರ್ಪಡಿಸಿಕೊಟ್ಟು ಶೋಧಕವನ್ನು ತರಿಸಿಕೊಡುವುದು ತಂದೆಗೆ ನಷ್ಟವಲ್ಲ. ಕಾಲೇಜಿನ ನಾಲ್ಕು ಮಂದಿ ಹುಡುಗರು ಕೂಡಿ ಒಂದನ್ನು ಇಟ್ಟುಕೊಂಡರೆ ಖರ್ಚೂ ಹಗುರವಾಗುವುದು, ಜಗಳಾಡಿ ಕಲಿಯಲು ಜೊತೆಯೂ ಆಗುವುದು.

ಉಳಿದ ಮನೆಗಳವರು ಉಪಕರಣವಿಲ್ಲದೆಯೂ ಒಂದು ಕೆಲಸವನ್ನು ಮಾಡಬಹುದು. ಎಳ್ಳಮಾವಾಸ್ಯೆಯ ದಿನ ನಮ್ಮ ಸೀಮೆಯ ಮನೆಮಂದಿಯೆಲ್ಲ ಸಜ್ಜೆಯ ಕಡಬು, ಭಜ್ಜಿಯ ಪಲ್ಯಗಳ ಬುತ್ತಿಯನ್ನು ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲುವರಷ್ಟೆ. ಚೆಲ್ಲುತ್ತ ಬದುವಿನ ಮೇಲೆ ನಡೆಯುವಾಗ ಮಕ್ಕಳನ್ನು ನಿಲ್ಲಿಸಿ, ಹೂವಿನ ಹೆಸರನ್ನು ಕೇಳಿರಿ. ಅವರಿಗೆ ತಿಳಿಯದಿದ್ದರೆ ಹೇಳಿಕೊಡಿರಿ. ಒಂದು ಮೊಳ ಅಗಲದ ಬದುವನ್ನಾದರೂ ಔಷಧ ಹೊಡೆಯದೆ ಹೂವಿಗೆ ಬಿಡುವೆವೆಂದು ಅಲ್ಲಿಯೇ ನಿಶ್ಚಯಿಸಿರಿ. ಭೂಮಿತಾಯಿಯ ಮಕ್ಕಳಲ್ಲಿ ಆರು ಕಾಲಿನವರೂ ಇರುವರು. ಚರಗದಲ್ಲಿ ಅವರ ಪಾಲು ಅದು.